ಸದ್ದಡಗಿಸಿ ಕೊಂಡ ಚಪ್ಪಲಿ

ನಾನು ಜಿಪುಣ. ಊರವರು ಬೆನ್ನ ಹಿಂದೆ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಸವೆದ ಕಾಲರನ್ನು ತಿರುವಿ ಹೊಲಿಸಿಕೊಂಡು ಇವತ್ತಿಗೂ ತೊಡುವವನು ಐನಾಪುರದಲ್ಲಿ ನಾನೊಬ್ಬನೇ ಇರಬೇಕು. ಆದರೆ ನನ್ನ ಜಿಪುಣತನಕ್ಕೂ ಒಂದು ನೇಮವಿತ್ತು. ಮೊಬೈಲಿನಲ್ಲಿ ಒತ್ತಿ ತರಿಸುವ ಮಾಲು ಎಷ್ಟೇ ಅಗ್ಗವಿರಲಿ, ಬೇಡ. ಮಾಡಿದ ಕೈಯಿಂದಲೇ ಕೊಳ್ಳಬೇಕು, ನಡುವೆ ದಲ್ಲಾಳಿ ಇರಬಾರದು. ಕಟ್ಟೆಯ ಮೇಲೆ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ! ನನ್ನಂಥ ಧರ್ಮವಂತ ಗಿರಾಕಿ ಸುತ್ತ ಹತ್ತೂರಿನಲ್ಲಿ ಇಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ.

ಹಳೆಯ ಚಪ್ಪಲಿಯಲ್ಲಿ ಇನ್ನೊಂದು ಹೊಲಿಗೆ ಹಾಕಲು ಜಾಗ ಉಳಿಯದಿದ್ದಾಗ ಅಥಣಿ ಸಂತೆಗೆ ಹೋದೆ. ನನಗೆ ಬೇಕಾದದ್ದು ಕರ್ ಕರ್ ಎನ್ನುವ ಚಪ್ಪಲಿ. ತಳದ ಎರಡು ಪದರಗಳ ನಡುವೆ ಒಣಬೀಜ ಇಟ್ಟು ಹೊಲಿಯುತ್ತಾರೆ. ಮೆಟ್ಟಿ ನಡೆದರೆ ಓಣಿಗೆಲ್ಲ ಕೇಳಬೇಕು. ಆ ಸದ್ದಿಗೇ ಬೆಲೆ ಜಾಸ್ತಿ. ಚಿಕ್ಕಂದಿನಿಂದಲೂ ನನಗೆ ಅದರ ಹುಚ್ಚು.

ಒಬ್ಬ ಹೆಂಗಸು ಗೋಣಿತಟ್ಟಿನ ಮೇಲೆ ಜೋಡಿಗಳನ್ನು ಹರಡಿಕೊಂಡಿದ್ದಳು. ಹಿಂದೆ ಅವಳ ಸೊಸೆ ತೊಗಲಿನ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುತ್ತಿದ್ದಳು. ಎಣ್ಣೆ ಕುಡಿದ ತೊಗಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ತಡೆಯಲಾಗಲಿಲ್ಲ.

"ಇದನ್ನ ನೋಡ್ರಿ ಅಣ್ಣಾರ. ನಮ್ಮ ಸೊಸಿ ಇಷ್ಟ ದಿನ ಬರೇ ಹೆಣೀತಿದ್ಲು, ಈಗ ಮೊದಲ ಸಲ ಮೂರ ಜೋಡಿಗೆ ತಳಾ ಹೊಲದಾಳ. ಸದ್ದ ಬಂತಂದ್ರ ಇನ್ನ ಮುಂದ ತಳಾನೂ ಆಕೀನ ಹೊಲೀಲಿ," ಎಂದಳು ಅತ್ತೆ.

"ನೀವ ಮೆಟ್ಟಿ ನೋಡಿಲ್ಲೇನ್ರಿ ಮಾವಶಿ?"

"ಮಾರೂ ಚಪ್ಪಲಿಗೆ ನಾವು ಕಾಲ ಹಾಕಂಗಿಲ್ರಿ. ಗಿರಾಕಿ ಕಾಲ ಮೊದಲ."

ಸೊಸೆಯ ಕೈ ನಿಂತಿತು. ಅವಳ ಕಣ್ಣೆಲ್ಲ ನನ್ನ ಪಾದದ ಮೇಲೆ. ಮೆಟ್ಟಿಕೊಂಡು ಹಿಮ್ಮಡಿ ಊರಿದೆ. ತಳದೊಳಗೆ ಬೀಜ ಮಿಸುಕಿದ್ದು ಗೊತ್ತಾಯಿತು. ಆಗಲೇ ನನ್ನ ಹಾಳು ಬುದ್ಧಿ ಎಚ್ಚೆತ್ತಿತು. ಅಂಗಾಲು ಬಾಗಿಸದೆ, ನೆಲ ಒರೆಸಿದಂತೆ ಜಾರಿಸುತ್ತ ನಡೆದರೆ ಎಂಥ ಚಪ್ಪಲಿಯೂ ಬಾಯಿ ಬಿಡುವುದಿಲ್ಲ. ಹಾಗೇ ನಾಲ್ಕು ಹೆಜ್ಜೆ ಹಾಕಿದೆ.

"ಸದ್ದ ಬರವಲ್ದಲ್ರಿ ಮಾವಶಿ," ಎಂದು ಮುಖ ಸಪ್ಪಗೆ ಮಾಡಿದೆ.

ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ತಲೆ ತಗ್ಗಿಸಿದಳು. ಸಾದಾ ಚಪ್ಪಲಿಯ ಬೆಲೆಗೆ ಜೋಡಿ ನನ್ನದಾಯಿತು. ಅಬ್ಬಬ್ಬಾ, ನನ್ನ ಹಿಗ್ಗೇ! ಬಸ್‌ಸ್ಟ್ಯಾಂಡಿಗೆ ಬಂದು ಹೆಜ್ಜೆ ಬಿಚ್ಚಿ ನಡೆದೆ ನೋಡಿ, ಕರ್ರ್! ಕರ್ರ್! ಕಬ್ಬಿನ ಟ್ರ್ಯಾಕ್ಟರಿನವನು ಕೂಡ ತಿರುಗಿ ನೋಡಿದ.

ನಾನು ಓಣಿಯ ತುದಿಯಲ್ಲಿರುವಾಗಲೇ ಹೆಂಡತಿ ಬಾಗಿಲಿಗೆ ಬಂದಳು. "ಯಾವ ಸಾವಕಾರ್ರು ಬಂದ್ರಂತ ನೋಡಿದ್ನಿ!"

ಪಡಸಾಲೆಯಲ್ಲಿ ಜಾರಿ ಜಾರಿ ನಡೆದು ನನ್ನ ಚಾಲಾಕಿಯನ್ನು ಆಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಅಲ್ರೀ, ಹಂಗಾರ ಆ ಹುಡುಗಿಗೆ ಇನ್ನ ತಳಾ ಹೊಲಿಯಾಕ ಕೊಡಂಗಿಲ್ಲಲ್ಲ?"

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಹಾಲಿಗೆ ಹೋದರೂ ಕರ್ರ್, ಬಸದಿಯ ಮುಂದೆ ಹಾದರೂ ಕರ್ರ್. "ಭಾರಿ ಜೋಡ ಹಿಡದೀರಲ್ರಿ!" ಎಂದು ಮಂದಿ ಹೊಗಳಿದಷ್ಟೂ ನನಗೆ ಉಗಿಸಿಕೊಂಡಂತಾಗುತ್ತಿತ್ತು. ಮಾಡಿದ ಕೈಯಿಂದಲೇ ಕೊಂಡಿದ್ದೆ, ನಿಜ. ಆ ಕೈಗೇ ಕೆಟ್ಟ ಹೆಸರು ತಂದು ಬಂದಿದ್ದೆ.

ಮುಂದಿನ ಸಂತೆಗೆ ಇಬ್ಬರೂ ಹೊರಟೆವು. ಹೆಂಡತಿಗೆ ಬಸ್ಸು ಫ್ರೀ. ನನ್ನೊಬ್ಬನ ಟಿಕೆಟ್ಟೇ, ನಾನು ಉಳಿಸಿದ್ದೇನೆಂದು ಬೀಗಿದ್ದರಲ್ಲಿ ದೊಡ್ಡ ಪಾಲು ನುಂಗಿತು. ಅವಳು ಕಿಟಕಿಯ ಕಡೆ ತಿರುಗಿ ಮುಸಿಮುಸಿ ನಗುತ್ತಿದ್ದಳು.

ಸಂತೆಯಲ್ಲಿ ಬೇಕೆಂದೇ ಕಾಲು ಬಡಿದು ನಡೆದೆ. ದೂರದಿಂದಲೇ ಸದ್ದು ಕೇಳಿ ಸೊಸೆ ತಲೆ ಎತ್ತಿದಳು. ಅವಳ ಕೈಯಲ್ಲಿ ಮತ್ತದೇ ಹೆಣಿಗೆ. ಪಕ್ಕದಲ್ಲಿ ಒಂದು ಹೊಸ ಜೋಡಿ ತಳ ಸೀಳಿಸಿಕೊಂಡು ಬಿದ್ದಿತ್ತು.

"ಇದು ನಮ್ಮ ಜೋಡ ಅಲ್ಲೇನ್ರಿ?" ಅತ್ತೆ ಎದ್ದೇ ನಿಂತಳು. "ಅವತ್ತ ಸದ್ದಿಲ್ಲಂದ್ರಿ! ಎಲ್ಲಿ ತಪ್ಪೇತಿ ಅಂತ ಈಕಿ ಹೊಲದ ಇನ್ನೊಂದ ಜೋಡ ಸೀಳಿ ನೋಡೇನ್ರಿ ನಾನು!"

"ಸದ್ದ ಅವತ್ತೂ ಇತ್ರಿ ಮಾವಶಿ. ನಾನ ಕಾಲ ಜಾರಿಸಿ ನಡದ್ನಿ. ಆಕೀದೇನೂ ತಪ್ಪಿಲ್ಲ."

"ಇಷ್ಟ ವಯಸ್ಸಾಗೇತಿ, ನಾಚಿಕಿ ಬರಲಿಲ್ಲೇನ್ರಿ ನಿಮಗ?" ಅಕ್ಕಪಕ್ಕದ ಅಂಗಡಿಯವರೆಲ್ಲ ತಿರುಗಿದರು. ನನ್ನ ಹೆಂಡತಿ ಆಕೆಯ ಪಕ್ಕಕ್ಕೇ ಹೋಗಿ ನಿಂತು ತಲೆಯಾಡಿಸಿದಳು. ಉಳಿದ ಬೆಲೆಯನ್ನೂ ಸೀಳಿದ ಜೋಡಿಯ ಬೆಲೆಯನ್ನೂ ಕೊಟ್ಟೆ. ಚೌಕಾಶಿ ಮಾಡಲಿಲ್ಲ.

ಸೊಸೆ ತಾನು ಹೊಲಿದ ಮತ್ತೊಂದು ಜೋಡಿಯನ್ನು ರಾಶಿಯ ಅಡಿಯಿಂದ ಎಳೆದು ನೆಲಕ್ಕಿಟ್ಟು ಅದರೊಳಗೆ ಕಾಲು ಹಾಕಿದಳು.

"ಏ, ಗಿರಾಕಿ ಕಾಲ ಮೊದಲ..." ಅತ್ತೆ ತಡೆಯಲು ಹೋದಳು.

"ಇನ್ನ ಮುಂದ ನಾನ ಮೆಟ್ಟಿ ನೋಡೇ ಮಾರಾಕಿ, ಅತ್ತಿ."

ಅತ್ತೆ ನನ್ನ ಕಡೆ ನೋಡಿ ಹಿಂದೆ ಸರಿದಳು. ಅವರ ಮನೆಯ ಪದ್ಧತಿಯೊಂದು ಮುರಿದದ್ದು ನನ್ನಿಂದ. ಗಂಡಸರ ಆ ದೊಡ್ಡ ಚಪ್ಪಲಿಯಲ್ಲಿ ಸಣ್ಣ ಪಾದಗಳನ್ನಿಟ್ಟು ಅವಳು ಸಂತೆಯ ನಡುವೆ ನಡೆದಳು. ಕರ್ರ್! ಕರ್ರ್! ನನ್ನದಕ್ಕಿಂತ ಜೋರು! ನಾಚಿಕೆಯಲ್ಲೂ ನನ್ನ ಮೈ ಜುಮ್ಮೆಂದಿತು.

ಅತ್ತೆ ತನ್ನ ಮಗ್ಗುಲಲ್ಲಿದ್ದ ಹೊಲಿಯುವ ದಬ್ಬಳ ತೆಗೆದು ಸೊಸೆಯ ಕಡೆ ಚಾಚಿದಳು.

"ತಗೋ. ತಳಾ ನೀನ ಹೊಲಿ."