ಒಂದು ಮಾತಿಗೆ ಒಂದು ಎಳೆ

ಬೆಳಗಿನ ಐದೂವರೆ. ಬನಹಟ್ಟಿಯ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಕಾಶಪ್ಪನವರ ನಾಲ್ಕು ಮಗ್ಗಗಳ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಮೂರನೇ ಮಗ್ಗದ ಹಿಂದೆ, ಗೇಣೆತ್ತರದ ಮಣೆಯ ಮೇಲೆ ಗುರುಬಾಯಿ ಕುಳಿತಿದ್ದಾರೆ. ನೇಯ್ದು ಮುಗಿದ ಹಾಸಿನ ಉದ್ದೆಳೆಗಳ ತುದಿಗಳು ಎಡಕ್ಕೆ, ಹೊಸ ನೂಲು ಸುತ್ತಿದ ಬೀಮಿನ ತುದಿಗಳು ಬಲಕ್ಕೆ. ಹಳೆಯದೊಂದು ಎಳೆ, ಹೊಸದೊಂದು ಎಳೆ ಹಿಡಿದು, ಬೂದಿ ಹಚ್ಚಿದ ಬೆರಳುಗಳ ನಡುವೆ ಹೊಸೆದು, ಒಮ್ಮೆ ಜಗ್ಗಿ ನೋಡಿ, ಮುಂದಿನದಕ್ಕೆ ಕೈ ಹಾಕುತ್ತಾರೆ. ಕೈಯ ಜೊತೆ ತುಟಿಯೂ ಆಡುತ್ತಿದೆ.

ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ಕಾಶಪ್ಪ ನಿಂತಿದ್ದಾರೆ. ಒಮ್ಮೆ ಆ ತುಟಿ ನೋಡುತ್ತಾರೆ, ಒಮ್ಮೆ ಓಣಿ ನೋಡುತ್ತಾರೆ. ಎರಡರ ಮೇಲೂ ಅವರಿಗೆ ಪೂರ್ತಿ ಭರವಸೆಯಿಲ್ಲ.

ಗುರುಬಾಯಿಯವರೇನೂ ಕಡಿಮೆಯಲ್ಲ. ಕೆಲಸ ಸುರು ಮಾಡುವ ಮೊದಲು ಬೂದಿಯ ಡಬ್ಬಿ ಮೂಸಿ ನೋಡಿದರು. ಚಹಾ ಕೊಟ್ಟರೆ ಬಗ್ಗಿ ನೋಡಿಯೇ ಕುಡಿದರು. ಪತ್ರಿಕೆಯವರು ಬಂದಿದ್ದಾರೆ ಎಂದಾಗ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ. "ನೀವು ಯಾರ ಕಡೆಯವರ್ರಿ?" ಯಾರ ಕಡೆಯೂ ಅಲ್ಲ ಎಂಬ ಉತ್ತರ ಅವರಿಗೆ ಒಂದಿಷ್ಟೂ ಹಿಡಿಸಲಿಲ್ಲ. "ಹಂಗ ಅನ್ನಾವರ್ನ ನಾ ಮೊದಲ ನಂಬೂದಿಲ್ಲ. ಕುಂದರ್ರಿ, ಎಳಿಗೆ ಕಾಲ ತಾಗಿಸಬ್ಯಾಡ್ರಿ."

ಅವರ ಕಸುಬಿಗೆ ಕೆಚ್ಚುವುದು ಎನ್ನುತ್ತಾರೆ. ಮಗ್ಗದಲ್ಲಿ ಒಂದು ಹಾಸು ಮುಗಿದಾಗ, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಒಂದು ಸೀರೆಯ ಅಗಲಕ್ಕೆ ಇಲ್ಲಿ ಎರಡು ಸಾವಿರದ ಎಂಟುನೂರು ಎಳೆ. ನಾಲ್ಕು ತಾಸಿನ ಕೆಲಸ. ದಿನಕ್ಕೆ ಎರಡು ಮಗ್ಗ, ಕಣ್ಣು ಕೈಕೊಡದಿದ್ದರೆ. ಸೀರೆ ಉಟ್ಟವರಿಗೆ ಅಂಗಡಿಯ ಹೆಸರು ಗೊತ್ತಿರುತ್ತದೆ, ಹೆಚ್ಚೆಂದರೆ ನೇಕಾರನ ಊರು ಗೊತ್ತಿರುತ್ತದೆ. ಕೆಚ್ಚಿದವರ ಹೆಸರು ಕೇಳಿದವರನ್ನು ಈ ಅರವತ್ತೊಂದು ವರ್ಷದ ಹೆಂಗಸು ಇದುವರೆಗೆ ಕಂಡಿಲ್ಲ.

ಗುರುಬಾಯಿಯವರದು ನಾಲ್ಕು ತಲೆಮಾರಿನ ಕ್ರೈಸ್ತ ಮನೆತನ. ಗಂಡನ ಅಜ್ಜ ಗುಳೇದಗುಡ್ಡದ ಕಡೆಯಿಂದ ಮಗ್ಗದ ಸಾಮಾನಿನ ಜೊತೆಗೆ ದೇವರನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದರು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಕಸುಬು ಕಲಿಸಿದ್ದು ಅತ್ತೆ. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಎಣಿಕೆಯೂ ಇಪ್ಪತ್ತರಾಚೆ ತಪ್ಪುತ್ತಿತ್ತು. ಆದರೆ ಸತ್ಯವೇದದ ಕೀರ್ತನೆಗಳು, ಯೇಸು ಹೇಳಿದ ಸಾಮ್ಯದ ಕಥೆಗಳು, ಪೌಲನ ಪತ್ರಗಳ ತುಣುಕುಗಳು ಬಾಯಿಪಾಠವಿದ್ದವು. ಆಕೆ ಅವುಗಳನ್ನೇ ಎಣಿಕೆಗೆ ಹಚ್ಚಿದಳು. ಒಂದು ಮಾತಿಗೆ ಒಂದು ಎಳೆ. ನೂರು ಮಾತಿನ ಇಪ್ಪತ್ತೆಂಟು ಪಾಠ ಮುಗಿದರೆ ಒಂದು ಸೀರೆಯ ಅಗಲ ಮುಗಿಯಿತು. ಮಾತು ಕಡಿಮೆ ಬಿದ್ದ ಪಾಠಗಳಿಗೆ ಆಮೆನ್ ಸೇರಿಸಿ ನೂರು ತುಂಬಿಸಿದ್ದಳು.

"ಪಾಠಾ ಮುಗದ ಕೂಡಲೆ ಆ ನೂರ ಎಳಿ ತಿರುಗಿ ನೋಡತೇನ್ರಿ. ತಪ್ಪಿದ್ರ ಅಷ್ಟರಾಗ ಸಿಗತೈತಿ. ಸುಮ್ಮನ ಎಣಿಸಿದ್ರ ಮನಸ ಎಲ್ಲೆರೆ ಹೊಕ್ಕೈತಿ. ಇದರಾಗ ಹೋಗೂದಿಲ್ಲ" ಎನ್ನುತ್ತಾರೆ ಗುರುಬಾಯಿ.

ಹೀಗೆ ನಲವತ್ತು ವರ್ಷ ನಡೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಬಿತ್ತು. ನೂಲಿನ ವ್ಯಾಪಾರಿ ಲಗಮಣ್ಣ ಲೆಕ್ಕಕ್ಕಲ್ಲ, ಸುಮ್ಮನೆ ಮಾತಿಗೆ ಬಂದವರು ಈ ತುಟಿಗಳನ್ನು ನೋಡಿದರು. ಮೊಬೈಲಿನಲ್ಲಿ ಹಿಡಿದುಕೊಂಡರು. ಸಂಜೆ ಹೊತ್ತಿಗೆ ಅದು ಹತ್ತು ಮೊಬೈಲು ತಿರುಗಿತು. "ಕಾಶಪ್ಪ, ಆ ಮುದುಕಿ ನಿನ್ನ ಶೆಡ್ಡಿನ್ಯಾಗ ಏನ ಮಣಮಣ ಅಂತಾಳ? ಸೀರಿ ನೇಯಾಕತ್ತಿಯೋ, ಪ್ರಾರ್ಥನಾ ನಡಸಾಕತ್ತಿಯೋ?" ಎಂದು ಚಹಾದಂಗಡಿಯಲ್ಲಿ ಎಲ್ಲರೆದುರು ಕೇಳಿದರು. ಮತಾಂತರ ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಆಡದೆ ಇದ್ದದ್ದರಿಂದ ಅದು ಇನ್ನೂ ದೊಡ್ಡದಾಯಿತು.

ಗುರುಬಾಯಿ ಕೆಚ್ಚುತ್ತಿದ್ದ ಹನ್ನೊಂದು ಮನೆಗಳಲ್ಲಿ ಆರು ಮನೆಯವರು ಕರೆಯುವುದನ್ನು ಬಿಟ್ಟರು. ಯಾರೂ ಬೈಯಲಿಲ್ಲ. ಒಬ್ಬರ ಬೀಮು ಇನ್ನೂ ಬಂದಿರಲಿಲ್ಲ, ಇನ್ನೊಬ್ಬರ ಮಗ್ಗ ರಿಪೇರಿಯಿತ್ತು. ಉಳಿದ ಐವರಲ್ಲಿ ನಾಲ್ವರು ಕಾಶಪ್ಪನವರ ಕಡೆಗೇ ನೋಡುತ್ತಿದ್ದರು. ಕಾಶಪ್ಪ ಬಿಟ್ಟರೆ ಅವರೂ ಬಿಡುತ್ತಿದ್ದರು.

ಕಾಶಪ್ಪ ಬಿಡಲಿಲ್ಲ, ಅನುಮಾನವನ್ನೂ ಬಿಡಲಿಲ್ಲ. ಗುರುಬಾಯಿ ಮನೆಯಿಂದ ತರುತ್ತಿದ್ದ ಬೂದಿಯಲ್ಲಿ ಏನಾದರೂ ಇದ್ದೀತೆಂದು ಅದನ್ನು ಚೆಲ್ಲಿ, ತಮ್ಮ ಒಲೆಯ ಬೂದಿಯನ್ನು ಡಬ್ಬಿಗೆ ತುಂಬಿದರು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮನುಷ್ಯ ಬೂದಿಗೆ ಹೆದರಿದ್ದನ್ನು ನೆನೆದು ಗುರುಬಾಯಿಗೆ ಈಗಲೂ ನಗು ಬರುತ್ತದೆ. ಆದರೂ ಆವತ್ತಿನಿಂದ ಅವರು ಡಬ್ಬಿ ಮೂಸುವುದನ್ನು ಬಿಟ್ಟಿಲ್ಲ. ಅವರಿಗೂ ಕಾಶಪ್ಪನ ಬೂದಿಯ ಮೇಲೆ ಅನುಮಾನ.

ಕಾಶಪ್ಪನವರ ನಿಜವಾದ ಹೆದರಿಕೆ ಬೂದಿಯದ್ದಲ್ಲ, ತಾಯಿಯದ್ದು. ಎಂಬತ್ತು ದಾಟಿದ ಕರೆವ್ವ ಶೆಡ್ಡಿಗೆ ಹೊಂದಿಕೊಂಡ ಕೋಣೆಯಲ್ಲಿ ಮಂಚ ಹಿಡಿದಿದ್ದಾರೆ. ಕಣ್ಣು ಮಂಜು, ಕಿವಿ ಚುರುಕು. ಗುರುಬಾಯಿ ಬಂದ ದಿನ ಮುದುಕಿ ಹೆಚ್ಚು ಉಣ್ಣುತ್ತಾರೆ, ಬಾರದ ದಿನ ಸಿಡುಕುತ್ತಾರೆ. ತಾಯಿ ಆ ದೇವರ ಕಡೆ ವಾಲುತ್ತಿದ್ದಾಳೆಂದು ಹೆದರಲು ಮಗನಿಗೆ ಅಷ್ಟು ಸಾಕಾಯಿತು.

ಕಳೆದ ತಿಂಗಳು ಒಂದು ಬೆಳಗ್ಗೆ ಕಾಶಪ್ಪ ಕೇಳಿಯೇಬಿಟ್ಟರು. "ಗುರುಬಾಯಕ್ಕ, ನಮ್ಮ ಹಾಸಿನ್ಯಾಗ ನಿಮ್ಮ ದೇವರ ಮಾತ ಯಾಕ? ಬಾಯಿ ಮುಚ್ಚಿ ಕೆಚ್ಚಾಕ ಬರೂದಿಲ್ಲೇನು?"

"ಬರತೈತೋ ಇಲ್ಲೋ, ಎಂದೂ ನೋಡಿಲ್ರಿ."

"ಇವತ್ತ ನೋಡ್ರಿ."

ಗುರುಬಾಯಿ ಮಾತು ಕೊಟ್ಟರು. ಕೊಡದೆ ಹೋದರೆ ಐದು ಮನೆಗಳೂ ಹೋಗುತ್ತಿದ್ದವು. ತುಟಿ ಬಿಗಿಹಿಡಿದು ಕುಳಿತರು. ಮನಸ್ಸಿನಲ್ಲಾದರೂ ಅಂದುಕೊಳ್ಳಬಹುದಿತ್ತು, ಕೊಟ್ಟ ಮಾತಿಗೆ ಅದೂ ಮೋಸವೆಂದು ಬಿಟ್ಟರು. ನಾಲ್ಕು ತಾಸಿನ ಮೇಲೆ ಕೊನೆಗೆ ಬಂದಾಗ ಹೊಸ ಎಳೆಗಳೆಲ್ಲ ಮುಗಿದಿದ್ದವು, ಹಳೆಯದೊಂದು ಎಳೆ ಜೋಡಿಯಿಲ್ಲದೆ ಉಳಿದಿತ್ತು. ಎಲ್ಲೋ ಎರಡು ಹೊಸ ಎಳೆ ಅಂಟಿಕೊಂಡು ಒಂದೇ ಹಳೆಯ ಎಳೆಗೆ ಹೊಸೆದುಹೋಗಿದ್ದವು.

ಉಳಿದ ಎಳೆಯನ್ನು ಪಕ್ಕದ್ದಕ್ಕೆ ಹಚ್ಚಿ ಸುಮ್ಮನಾಗಿದ್ದರೆ ಆ ಹೊತ್ತಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಸು ಮುಗಿಯುವವರೆಗೆ ಪ್ರತಿ ಸೀರೆಯಲ್ಲೂ ಒಂದು ದಪ್ಪ ಗೆರೆ ಬೀಳುತ್ತಿತ್ತು, ಅಷ್ಟೇ. ಗುರುಬಾಯಿ ಮೊದಲಿನಿಂದ ಹುಡುಕಿದರು. ಹದಿನೇಳನೆಯ ನೂರಿನ ಕೊನೆಗೆ ಆ ತಪ್ಪು ಸಿಕ್ಕಿತು. ಅಲ್ಲಿಂದ ಮುಂದಿನ ಹನ್ನೊಂದು ನೂರು ಎಳೆಗಳನ್ನು ಬಿಡಿಸತೊಡಗಿದಾಗ ಕಾಶಪ್ಪನವರ ಮುಖ ಕಪ್ಪಿಟ್ಟಿತು. "ಸಿಟ್ಟಿಗೆ ಕೆಡಿಸಿದ್ರಿ ಹೌದಲ್ಲೋ" ಎಂದರು.

"ಸಿಟ್ಟಿದ್ರ ಬಿಡಸ್ತಿದ್ದಿಲ್ರಿ, ಹಂಗ ಬಿಟ್ಟ ಹೊಕ್ಕಿದ್ದೆ. ತಪ್ಪ ಹದಿನೇಳನೇ ನೂರಿನ್ಯಾಗ ಐತಿ, ಅಲ್ಲಿಂದ ಮತ್ತ ಕೂಡಸ್ತೇನ್ರಿ" ಎಂದಷ್ಟೇ ಹೇಳಿ ಗುರುಬಾಯಿ ಮತ್ತೆ ಬಾಯಿ ಮುಚ್ಚಿದರು.

ಆಗ ಒಳಗಿನಿಂದ ಕರೆವ್ವನ ದನಿ ಕೇಳಿಸಿತು. ಕುರುಬನೊಬ್ಬ ತನ್ನ ಕುರಿಗಳನ್ನು ಹಸಿರು ಹುಲ್ಲಿಗೂ ತಣ್ಣನೆಯ ನೀರಿಗೂ ಕರೆದೊಯ್ಯುವ ಕೀರ್ತನೆ ಅದು, ಹದಿನೆಂಟನೆಯ ನೂರಿನ ಪಾಠ. ಮುದುಕಿ ಮಂಚದಲ್ಲಿ ಮಲಗಿಯೇ, ಎಳೆಗೊಂದು ಮಾತಿನಂತೆ, ತಪ್ಪದೆ ಹೇಳುತ್ತಿದ್ದರು. ಒಂದೇ ವ್ಯತ್ಯಾಸ. ಕರ್ತನ ಹೆಸರು ಬಂದಲ್ಲೆಲ್ಲ ಕರೆವ್ವ ತಮ್ಮ ಮನೆದೇವರ ಹೆಸರು ಹಿಡಿದು ಮಲ್ಲಯ್ಯ ಎನ್ನುತ್ತಿದ್ದರು.

ಕಾಶಪ್ಪ ಕೋಣೆಯ ಹೊಸ್ತಿಲಿಗೆ ಓಡಿದರು. "ಏನಬೇ ಅವ್ವಾ, ಇದನ್ನ ಯಾವಾಗ ಕಲತಿ?"

"ಕಲಿಯೂದೇನ, ಹನ್ನೆರಡು ವರ್ಷ ಕಿವ್ಯಾಗ ಬಿದ್ದೈತಿ. ಆಕಿ ಎಷ್ಟನೇ ನೂರಿನ್ಯಾಗ ಅದಾಳ, ಚಾ ಯಾವಾಗ ಬರತೈತಿ, ನಿನ್ನ ಮಗ್ಗ ಯಾವಾಗ ಸುರು ಆಗತೈತಿ, ಎಲ್ಲಾ ನನಗ ಗೊತ್ತಾಗೂದ ಇದರಿಂದ. ನೀ ಆಕಿ ಬಾಯಿ ಮುಚ್ಚಿಸಿದಿ, ನನಗ ಹೊತ್ತ ತಿಳೀದಂಗಾತು. ಅತ್ತಾಗ ಸರಿ, ಆಕಿಗೆ ಕೇಳಬೇಕು."

ಶೆಡ್ಡಿನಲ್ಲಿ ಗುರುಬಾಯಿಗೆ ಬೇರೆಯೇ ಸಂಕಟ. "ಮಲ್ಲಯ್ಯ ಅಂದಿದ್ದು ಕೇಳಿ ತಿದ್ದಬೇಕಂತ ನಾಲಿಗಿ ತುದಿಗೆ ಬಂತ್ರಿ. ಬಾಯಿ ತೆರಿಯೂದಿಲ್ಲಂತ ಮಾತ ಕೊಟ್ಟೇನಲ್ಲ. ಎಣಿಸಿದೆ. ಮಾತು ನೂರಕ್ಕ ನೂರು ಇದ್ವು. ಕೆಚ್ಚಿದೆ." ಕರೆವ್ವ ಹೇಳುತ್ತಾ ಹೋದರು, ಗುರುಬಾಯಿ ಹೊಸೆಯುತ್ತಾ ಹೋದರು. ಹನ್ನೊಂದು ನೂರು ಎಳೆಯಲ್ಲಿ ಒಂದೂ ತಪ್ಪಲಿಲ್ಲ.

ಮರುದಿನ ಕಾಶಪ್ಪ ತಪ್ಪಾಯಿತು ಎನ್ನಲಿಲ್ಲ. "ಬಾಯಿ ತೆರದ ಕೆಚ್ಚ್ರಿ, ಬಾಗಿಲಾ ಹಾಕ್ಕೊಂಡ ಕೆಚ್ಚ್ರಿ" ಎಂದರು. ಅರ್ಧಕ್ಕೆ ಗುರುಬಾಯಿ ಒಪ್ಪಿದರು. "ಬಾಗಿಲಾ ಹಾಕಿದ್ರ ಒಳಗ ಏನೋ ನಡದೈತಿ ಅಂತಾರ್ರಿ. ತೆರದ ಇರಲಿ." ಅಂದಿನಿಂದ ಕಾಶಪ್ಪ ಬೆಳಗಿನ ಚಹಾವನ್ನು ಬಾಗಿಲಲ್ಲೇ ಕುಡಿಯುತ್ತಾರೆ. ಐದು ಮನೆಗಳು ಉಳಿದಿವೆ. ಹೋದ ಆರು ಇನ್ನೂ ಮರಳಿಲ್ಲ.

ಗುರುಬಾಯಿಯ ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊರಿನ ಅನುಮಾನ ತಣ್ಣಗಾಗುವ ಹೊತ್ತಿಗೆ ಅವರದೇ ಅನುಮಾನ ತಲೆ ಎತ್ತಿತು. ಮಲ್ಲಯ್ಯ ಎಂದರೂ ಎಳೆ ಸರಿಯಾಗಿಯೇ ಕೂತವಲ್ಲ. ಹಾಗಾದರೆ ತಾನು ಇಷ್ಟು ವರ್ಷ ಆಡಿದ ಮಾತುಗಳು ಏನು ಮಾಡುತ್ತಿದ್ದವು? "ನಲವತ್ತು ವರ್ಷ ನಾ ದೇವರ ಕೂಡ ಮಾತಾಡಿದೆನೋ, ಎಳಿ ಎಣಿಸಿದೆನೋ? ಎಣಿಸಿದ್ದ ಖರೆ ಆದ್ರ ನನ್ನ ರಕ್ಷಣಿ ಎಲ್ಲಿ ಉಳೀತ್ರಿ?" ಎಂದು ಕೇಳುವಾಗ ಅವರ ಕೈ ಮೊದಲ ಬಾರಿ ನಿಲ್ಲುತ್ತದೆ.

ಭಾನುವಾರ ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಚರ್ಚಿನ ಸಭಾಪಾಲಕರನ್ನು ಕೇಳಿದರು. ದೇವರು ಎದೆಯೊಳಗಿನದನ್ನು ನೋಡುತ್ತಾನೆ ಎಂದು ಅವರು ಸಮಾಧಾನ ಹೇಳಿದರು. "ನನ್ನ ಎದಿಯಾಗ ಏನೈತಿ ಅಂತ ನನಗ ಗೊತ್ತಿದ್ರ ಅವರ್ನ ಯಾಕ ಕೇಳತಿದ್ದೆ?" ಹಿಂದೊಮ್ಮೆ ಹೊಳೆಸಾಲಿನ ಊರಿಗೆ ಮೈಕು ಕಟ್ಟಿಕೊಂಡು ಬಂದಿದ್ದ ಬೋಧಕನೊಬ್ಬ, ಕೈ ಎತ್ತಿದವರಿಗೆಲ್ಲ ಆ ಗಳಿಗೆಯಲ್ಲೇ ಪಾಪ ಕಳೆದು ರಕ್ಷಣೆ ಆಯಿತು ಎಂದಿದ್ದ. ಗುರುಬಾಯಿ ಕೈ ಎತ್ತಿರಲಿಲ್ಲ. ಜಗ್ಗಿ ನೋಡದೆ ಆಯಿತು ಎನ್ನುವವರ ಕೆಲಸ ಅವರಿಗೆ ಗೊತ್ತು.

ಸತ್ಯವೇದದಲ್ಲಿ ಅವರಿಗೆ ಹತ್ತಿರದವನು ತೋಮ. ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದ ಶಿಷ್ಯ. "ಆತಗ ಯೇಸುಸ್ವಾಮಿ ಬೈಯಲಿಲ್ಲ. ಬಾ, ಮುಟ್ಟಿ ನೋಡು ಅಂದ. ಜಗ್ಗಿ ನೋಡಾವರಿಗೂ ಅಲ್ಲಿ ಜಾಗಾ ಐತ್ರಿ." ಇನ್ನೊಬ್ಬ, ಮೂರ್ಛೆಯ ಮಗನನ್ನು ಯೇಸುವಿನ ಬಳಿ ತಂದ ತಂದೆ. ನಂಬುತ್ತೇನೆ, ನಂಬಲಾರದ ನನಗೆ ನೀನೇ ಆಸರೆಯಾಗು ಎಂದು ಅತ್ತವನು. ಅವನ ಮಾತು ಇಪ್ಪತ್ತೆಂಟು ಪಾಠಗಳಲ್ಲಿಲ್ಲ. ಬೆರಳೆಣಿಕೆಯ ಮಾತು, ನೂರಕ್ಕೆ ಸಾಲದೆಂದು ಅತ್ತೆ ಬಿಟ್ಟಿದ್ದಳು.

ರಕ್ಷಣೆ ಕೃಪೆಯಿಂದ ಬರುವುದೇ ಹೊರತು ನಮ್ಮ ಕೆಲಸದಿಂದಲ್ಲ ಎಂದು ಪೌಲ ಬರೆದ ಮಾತನ್ನು ಗುರುಬಾಯಿ ತಮ್ಮ ಕಸುಬಿನ ಮೇಲೆಯೇ ಇಟ್ಟು ನೋಡುತ್ತಾರೆ. "ಎಳಿ ತಾನ ಹೋಗಿ ಇನ್ನೊಂದ ಎಳಿಗೆ ಕೂಡೂದಿಲ್ರಿ. ಕೂಡ್ಸಾಂವ ಬ್ಯಾರೆ ಇರತಾನ. ಅದು ತಿಳೀತೈತಿ. ನಾ ಕೂಡೇನೋ ಇಲ್ಲೋ, ಅದ ತಿಳಿವಲ್ದು." ಅವರ ಆಸೆ ಬಲು ಸಣ್ಣದು. ಕೈಯಲ್ಲಿ ಎಳೆಯಿಲ್ಲದೆ ಒಮ್ಮೆ ಆ ಕುರುಬನ ಕೀರ್ತನೆ ಹೇಳಬೇಕು. ಸಭೆಯಲ್ಲಿ ಎಷ್ಟೋ ಸಲ ನೋಡಿದ್ದಾರೆ. ಬೆರಳು ತಾವಾಗಿಯೇ ಸೆರಗಿನ ಅಂಚು ಹೊಸೆಯತೊಡಗುತ್ತವೆ.

ಸಂಜೆ ಐದಕ್ಕೆ ಎರಡನೆಯ ಮಗ್ಗ ಮುಗಿಯುತ್ತದೆ. ಗುರುಬಾಯಿ ಕೈ ತೊಳೆದು ಕರೆವ್ವನ ಮಂಚದ ಬದಿಗೆ ಕುಳಿತುಕೊಳ್ಳುತ್ತಾರೆ. ಕಾಶಪ್ಪ ಬಾಗಿಲಲ್ಲಿದ್ದಾರೆ. ಮುದುಕಿ ತಡಕಾಡಿ ಗುರುಬಾಯಿಯ ಎರಡೂ ಕೈಗಳನ್ನು ಹಿಡಿದು ತಮ್ಮ ಮಡಿಲಲ್ಲಿ ಒತ್ತಿಕೊಳ್ಳುತ್ತಾರೆ. "ಈಗ ಅನ್ನು."

ಗುರುಬಾಯಿ ಸುರು ಮಾಡುತ್ತಾರೆ. ಹುಲ್ಲು ಬರುತ್ತದೆ, ನೀರು ಬರುತ್ತದೆ. ಕತ್ತಲೆಯ ಕಣಿವೆಗೆ ಬಂದಾಗ ಮಾತು ನಿಂತುಬಿಡುತ್ತದೆ. ನಲವತ್ತು ವರ್ಷದ ಪಾಠ, ಮುಂದಿನ ಮಾತು ಬಾಯಿಗೆ ಬರುತ್ತಿಲ್ಲ. ಬೆರಳು ಬಿಡಿಸಿಕೊಳ್ಳಲು ನೋಡುತ್ತವೆ, ಮುದುಕಿ ಬಿಡುವುದಿಲ್ಲ. ಗುರುಬಾಯಿಯ ಮುಖದಲ್ಲಿ ಹೆದರಿಕೆ ನೇರವಾಗಿ ಕಾಣುತ್ತದೆ. ಆಮೇಲೆ ತುಟಿ ಆಡುತ್ತದೆ. "ನಂಬತೇನಪ್ಪಾ. ನಂಬಾಕ ಆಗದ ನನಗ ನೀನ ಆಸರ ಆಗು."

ಕರೆವ್ವ ತಲೆ ವಾರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಹನ್ನೆರಡು ವರ್ಷದಲ್ಲಿ ಕಿವಿಗೆ ಬೀಳದ ಮಾತು. "ಇದು ಎಷ್ಟನೇ ನೂರಿಂದು?"

"ಯಾವ ನೂರಿಂದೂ ಅಲ್ಲಬೇ" ಎನ್ನುತ್ತಾರೆ ಗುರುಬಾಯಿ. "ಇದಕ್ಕ ನಾ ಎಂದೂ ಎಳಿ ಹಿಡದಿಲ್ಲ."