ಮೂರು ನಿಮಿಷದಲ್ಲಿ ಗಂಗವ್ವನ ಹೆಬ್ಬೆರಳು

ನಮ್ಮ ಓಣಿಯ ಗಂಗವ್ವನ ಹೆಬ್ಬೆರಳು ದಿಲ್ಲಿಯ ರಾಜ್ಯಸಭೆಗೆ ಹೋಗಿ ಬಂತು. ಗಂಗವ್ವ ಮಾತ್ರ ಮರಾಠಿ ನಾಡಿನ ಈ ಪಿಂಪ್ರಿ ಬಿಟ್ಟು ಕದಲಲಿಲ್ಲ.

ನಗಬೇಡಿ. ಪೂರ್ತಿ ಕೇಳಿ.

ಗಂಗವ್ವ ಮೂವತ್ತು ವರ್ಷದಿಂದ ಜೋಳದ ರೊಟ್ಟಿ ಬಡಿಯುವವಳು. ನಾನೂ ಅವಳ ಪಕ್ಕದಲ್ಲೇ ಕೂತು ಬಡಿಯುತ್ತೇನೆ. ಸುತ್ತಲಿನ ಮೆಸ್ಸುಗಳಿಗೆ, ಖಾನಾವಳಿಗಳಿಗೆ ಹೋಗುವುದು ನಮ್ಮ ರೊಟ್ಟಿಯೇ. ಕುದಿಯುವ ಎಸರಲ್ಲಿ ಹಿಟ್ಟು ಕಲಸಬೇಕು, ನಾದಬೇಕು, ಬಡಿಯಬೇಕು, ಕಾದ ಹೆಂಚಿನ ಮೇಲೆ ಬರಿಗೈಯಲ್ಲಿ ತಿರುವಬೇಕು. ಬೆರಳಿನ ಗೆರೆ ಎಷ್ಟು ದಿನ ತಡೆದೀತು? ನನ್ನವು ಅಷ್ಟಿಷ್ಟು ಉಳಿದಿವೆ. ಗಂಗವ್ವನ ಹೆಬ್ಬೆರಳು ಹುಣಸೆ ಬೀಜದ ಹಾಗೆ ನುಣುಪು.

ರೇಶನ್ ಅಂಗಡಿಯ ಮಷಿನ್‌ಗೆ ಆ ಗೆರೆಯೇ ಬೇಕು. ಗೆರೆ ಇಲ್ಲದಿದ್ದರೆ ಗಂಗವ್ವನೇ ಇಲ್ಲ!

ಎಂಟು ತಿಂಗಳು ಅವಳು ಹೋಗಿ ಹೆಬ್ಬೆರಳು ಒತ್ತಿದಳು, ಬರಿಗೈಯಲ್ಲಿ ಬಂದಳು. ತೊಳೆದು ಒತ್ತಿದಳು. ಎಣ್ಣೆ ಹಚ್ಚಿ ಒತ್ತಿದಳು. ಯಾರೋ ಹೇಳಿದರೆಂದು ನಿಂಬೆಹಣ್ಣು ಉಜ್ಜಿಕೊಂಡೂ ಒತ್ತಿದಳು. ಕೆಂಪು ದೀಪ. "ಮಶೀನ್ ಘೇತ ನಾಹೀ, ಗಂಗಾಬಾಯಿ. ಮಷಿನ್ ತಗೊಳ್ಳೂದಿಲ್ಲಂದ್ರ ನಾ ಏನ್ ಮಾಡ್ಲಿ?" ಎನ್ನುತ್ತಿದ್ದ ಅಂಗಡಿಯವನು. ಕಾರ್ಡಿನಲ್ಲಿರುವುದು ಎರಡೇ ಹೆಸರು. ಇನ್ನೊಂದು ಅವಳ ಗಂಡನದು. ಆತ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಹೊತ್ತು ತಂದು ಬೆರಳು ಒತ್ತಿಸುವುದಕ್ಕಾಗುತ್ತದೆಯೇ?

ಊರಿಗೆಲ್ಲ ರೊಟ್ಟಿ ಬಡಿಯುವವಳ ಮನೆಯಲ್ಲಿ ಅಕ್ಕಿ ಡಬ್ಬಿ ಖಾಲಿ. ಇದಕ್ಕೆ ಏನೆನ್ನುತ್ತೀರಿ?

ಅಷ್ಟರಲ್ಲಿ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ನಮ್ಮ ಮಹಿಳಾ ಮಂಡಳಿಯವರು ಒಬ್ಬ ಖಾಸದಾರ ಬಾಯಿಯನ್ನು ಕರೆಸಿದರು. ಖಾಸದಾರ ಎಂದರೆ ನಮ್ಮಲ್ಲಿ ಎಂ.ಪಿ., ಬಾಯಿ ಎಂದರೆ ಮೇಡಂ. (ಯಾವ ಪಕ್ಷ ಎಂದು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಇಲ್ಲಿಗೇ ಓದುವುದು ಬಿಡುತ್ತೀರಿ.) ಎಂ.ಪಿ. ಬಂದರೆಂದು ನಾವೆಲ್ಲ ಅರ್ಜಿ ಹಿಡಿದು ಸಾಲಾಗಿ ನಿಂತೆವು. ಗಟಾರ ತುಂಬಿದೆ. ಬೀದಿ ದೀಪ ಇಲ್ಲ. ನಳ ಬರುವುದು ಅರ್ಧ ತಾಸು. ಬಾಯಿ ಎಲ್ಲ ಓದಿ, "ಇವೆಲ್ಲ ನಿಮ್ಮ ವಾರ್ಡಿನ ನಗರಸೇವಕರು ಮಾಡಬೇಕಾದ ಕೆಲಸ. ನಾನು ರಾಜ್ಯಸಭೆಯವಳು" ಎಂದರು.

ನನಗೆ ತಡೆಯಲಿಲ್ಲ. "ಅಲ್ರೀ ಬಾಯಿ, ನಾವು ನಿಮಗ ಎಂದೂ ಓಟ ಹಾಕಿಲ್ಲಲಾ?"

"ಹಾಕಿಲ್ಲ ಆಜಿ. ನಮ್ಮನ್ನು ಆರಿಸುವವರು ಶಾಸಕರು."

"ಗಟಾರ ನಿಮ್ಮ ಕೈಯಾಗಿಲ್ಲ, ನಳ ನಿಮ್ಮ ಕೈಯಾಗಿಲ್ಲ. ಮತ್ತ ನಿಮ್ಮ ಕೈಯಾಗ ಏನದ?"

ಸೊಸೆ ಸುನೀತಾ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಬಾಯಿ ನಕ್ಕರು. "ಕೇಳೋದು. ಸರ್ಕಾರವನ್ನು ಎದುರಿಗೆ ಕೂರಿಸಿಕೊಂಡು ಕೇಳೋದು."

"ಬರೇ ಕೇಳೂದು?"

"ಬರೇ ಕೇಳೋದು."

ಆಗ ಗಂಗವ್ವ ನನ್ನನ್ನು ಆಚೆ ಸರಿಸಿ, ಹೆಬ್ಬೆರಳನ್ನು ಅವರ ಮೂಗಿನ ಮುಂದೆ ಹಿಡಿದಳು. "ಹಂಗಾದ್ರ ಇದನ್ನ ಕೇಳ್ರಿ."

ಬಾಯಿ ಕನ್ನಡಕ ಹಾಕಿಕೊಂಡು ಬೆರಳು ನೋಡಿದರು. ಸುನೀತಾಳ ಫೋನ್ ನಂಬರ್ ಬರೆದುಕೊಂಡರು. ಎಳ್ಳು-ಬೆಲ್ಲ ತೆಗೆದುಕೊಂಡು ಹೋದರು. ಇನ್ನೆಲ್ಲಿಯ ಬೆರಳು, ಇನ್ನೆಲ್ಲಿಯ ದಿಲ್ಲಿ ಎಂದುಕೊಂಡು ನಾವೂ ಹಿಟ್ಟು ಕಲಸಲು ಕೂತೆವು.

ಆದರೆ ಫೋನ್ ಬಂತು! ಅವರ ಆಫೀಸಿನ ಹುಡುಗಿಯೊಬ್ಬಳು. ಯಾವ ತಿಂಗಳಿಂದ ಧಾನ್ಯ ನಿಂತಿದೆ? ಮಷಿನ್ ಮೇಲೆ ಏನೆಂದು ಬರುತ್ತದೆ? ಕಣ್ಣಿನ ಫೋಟೋ ತೆಗೆದು ನೋಡಿದರೇ? ವಾಪಸ್ ಕಳಿಸುವಾಗ ಬರೆದು ಕೊಟ್ಟರೇ? ನನ್ನನ್ನು ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ. ಮರುದಿನ ಮತ್ತೆ ಮಾಡಿ, ಅವೇ ಪ್ರಶ್ನೆಗಳನ್ನು ಕೇಳಿದಳು. "ನೆನಪಿಲ್ಲೇನವಾ ನಿನಗ?" ಎಂದೆ. "ನೆನಪಿದೆ ಆಜಿ. ತಪ್ಪಿದ್ದರೆ ಅಲ್ಲಿ ಬಾಯಿಯ ಮರ್ಯಾದೆ ಹೋಗುತ್ತದೆ" ಎಂದಳು.

ಅವಳೇ ತಿಳಿಸಿ ಹೇಳಿದಳು. ಶೂನ್ಯವೇಳೆ ಅಂತ ಒಂದು ಹೊತ್ತು, ಮೊದಲೇ ನೋಟಿಸು ಕೊಟ್ಟವರು ಜನರ ತಕರಾರು ಎತ್ತುವುದಕ್ಕೆ. ಬೆಳಿಗ್ಗೆ. ಒಬ್ಬೊಬ್ಬರಿಗೆ ಮೂರೇ ನಿಮಿಷ. ಮುಗಿದ ಕೂಡಲೇ ಮೈಕ್ ತಾನಾಗಿ ಬಂದ್. ವಾಕ್ಯದ ನಡುವಿದ್ದರೂ ಬಂದ್.

ಒಂದು ದಿನ ಬೆಳಿಗ್ಗೆ, "ಇವತ್ತು ನೋಡಿ" ಎಂದಳು. ಆರು ಮಂದಿ ಹೆಂಚು ಇಳಿಸಿ ಸುನೀತಾಳ ಮೊಬೈಲಿಗೆ ಮುತ್ತಿದೆವು. ಅಲ್ಲಿ ಏನು? ಗದ್ದಲ. ಎದ್ದು ನಿಂತು ಕೂಗುವವರು, ಮುಂದೆ ನುಗ್ಗುವವರು. ಕಣ್ಣು ಮುಚ್ಚಿ ಬಿಡುವುದರಲ್ಲಿ ಸಭೆ ಮುಂದೂಡಿದರು. ಆ ದಿನದ ನೋಟಿಸು ಆ ದಿನಕ್ಕೇ ಮುಗಿಯಿತಂತೆ, ಮತ್ತೆ ಹೊಸದಾಗಿ ಕೊಡಬೇಕಂತೆ. "ನಮ್ಮ ನಳದ ಮುಂದಿನ ಜಗಳ ಇದಕಿಂತ ಚಂದಿರ್ತದ" ಎಂದಳು ಗಂಗವ್ವ. ನಾನು ಮನಸ್ಸಿನಲ್ಲೇ ಕೈ ಬಿಟ್ಟೆ.

ಖಾಸದಾರ ಬಾಯಿ ಮಾತ್ರ ಹಟ ಬಿಡಲಿಲ್ಲ. ಮರುದಿನ ಮತ್ತೆ ಕೊಟ್ಟರು. ಆವತ್ತೂ ಗದ್ದಲ. ಮತ್ತೆ ಕೊಟ್ಟರು. ಮೂರನೇ ಸಲ ಸಭಾಪತಿಗಳು ಹೆಸರು ಕರೆದರು.

ಮರಾಠಿಯಲ್ಲೇ ಮಾತಾಡಿದರು. ನಮಸ್ಕಾರ-ಚಮತ್ಕಾರ ಏನಿಲ್ಲ, ಸೀದಾ ರೊಟ್ಟಿಗೆ ಬಂದರು. ಪಿಂಪ್ರಿಯ ಒಬ್ಬ ಹೆಂಗಸು, ಮೂವತ್ತು ವರ್ಷ ರೊಟ್ಟಿ ಬಡಿದವಳು, ಬೆರಳಿನ ಗೆರೆ ಸವೆದಿದೆ, ಎಂಟು ತಿಂಗಳಿಂದ ಧಾನ್ಯವಿಲ್ಲ. "ದುಡಿದದ್ದೇ ಆಕೆಯ ತಪ್ಪೇ?" ಎಂದು ಕೇಳಿದರು. "ನನ್ನ ಹೆಸರ ಹೇಳ್ಲೇ ಇಲ್ಲಲ್ಲ" ಎಂದು ಗಂಗವ್ವ ಗೊಣಗಿದಳು. ಸುಮ್ಮನಿರು ಎಂದೆವು. ಬಾಯಿ ಕೊನೆಗೆ, "ಇಂಥವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಪ್ರತಿ ಅಂಗಡಿಗೂ..." ಎನ್ನುವಷ್ಟರಲ್ಲಿ ಮೈಕ್ ಬಂದ್. ತುಟಿ ಆಡುತ್ತಿದೆ, ದನಿ ಇಲ್ಲ.

ಇನ್ನೊಂದು ನಿಮಿಷ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆಗ ನೋಡಿ, ಒಂದೊಂದೇ ಕೈ ಮೇಲೆದ್ದವು. ಈ ಬೆಂಚಿನಲ್ಲಿ ಒಂದು, ಆ ಬೆಂಚಿನಲ್ಲಿ ನಾಲ್ಕು. "ಇವರು ಹೇಳಿದ್ದಕ್ಕೆ ನನ್ನದೂ ದನಿ ಇದೆ" ಎಂದು ಕೈ ಎತ್ತಿ ಹೆಸರು ಬರೆಸುವ ಪದ್ಧತಿ ಅಲ್ಲಿದೆಯಂತೆ. ಸಭಾಪತಿಗಳು ಹೆಸರು ಓದುತ್ತಲೇ ಹೋದರು. ತಮಿಳರ ಹೆಸರು, ಬಂಗಾಳಿಗಳ ಹೆಸರು. ಅವರ ಕಡೆಯೂ ಬೀಡಿ ಕಟ್ಟುವವರು, ಹಗ್ಗ ಹೊಸೆಯುವವರು ಇರುತ್ತಾರಲ್ಲ! ಮೊನ್ನೆ ಟೇಬಲ್ ಗುದ್ದಿ ಕೂಗಿದ ದಪ್ಪ ಮೀಸೆಯವನದೂ ಒಂದು ಕೈ. ನಾನು ಅವನನ್ನು ಬೈದದ್ದು ಬಹಳ. ಅರ್ಧ ವಾಪಸ್ ತೆಗೆದುಕೊಂಡೆ.

ಕೆಲವು ವಾರದ ನಂತರ ಮಂತ್ರಿಗಳು ಬಾಯಿಗೆ ಬರೆದ ಉತ್ತರದ ಪ್ರತಿ ನಮಗೂ ಬಂತು. ಸುನೀತಾ ಓದಿ ಹೇಳಿದಳು. ಬೆರಳು ಹತ್ತದಿದ್ದರೆ ಬೇರೆ ಗುರುತು ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡು ಧಾನ್ಯ ಕೊಡಬೇಕಂತೆ. ಹೊಸ ನಿಯಮವೇ? ಅಲ್ಲ! ಮೊದಲಿಂದಲೂ ಇದೆಯಂತೆ. ಈಗ ಎಲ್ಲ ಕಡೆಗೂ ಮತ್ತೆ ತಾಕೀತು ಮಾಡಿದ್ದಾರಂತೆ.

ಇದ್ದದ್ದನ್ನು ಇದೆ ಎಂದು ಹೇಳಿಸಲು ಇಷ್ಟು ಸರ್ಕಸ್ಸು. ಆದರೂ ಹೇಳಿಸಿದರಲ್ಲ? ಓಟಿಗೆ ನಮ್ಮ ಬಾಗಿಲಿಗೆ ಬರಬೇಕಾದ ಗರಜು ಇಲ್ಲದ ಹೆಂಗಸು ಮೂರು ಸಲ ನೋಟಿಸು ಕೊಟ್ಟು ಹೇಳಿಸಿದಳು. ನನಗೆ ಅಷ್ಟು ಸಾಕು. ಬರೇ ಕೇಳುವುದು ಸಣ್ಣ ಕೆಲಸ ಎಂದುಕೊಂಡಿದ್ದೆ. ತಪ್ಪು ನನ್ನದೇ.

ಸೋಮವಾರ ಕಾಗದ ಹಿಡಿದು ಅಂಗಡಿಗೆ ಹೋದೆವು. ನಮ್ಮ ಹಿಂದೆ, ಇಟ್ಟಿಗೆ ಹೊತ್ತು ಬೆರಳು ಸವೆದ ಇನ್ನಿಬ್ಬರು. ಅಂಗಡಿಯವನು ಕಾಗದವನ್ನು ಎರಡು ಸಲ ಓದಿದ. ಮೇಲಿನವರಿಗೆ ಫೋನ್ ಮಾಡಿ ಹೂಂ ಹೂಂ ಎಂದ. ಧೂಳು ಕೊಡವಿ ರಿಜಿಸ್ಟರ್ ತೆಗೆದ. ಆಧಾರ್ ಕಾರ್ಡಿನ ಫೋಟೋ ನೋಡಿದ, ಗಂಗವ್ವನ ಮುಖ ನೋಡಿದ.

"ಗಂಗಾಬಾಯಿ, ಇದು ನೀನೇ ಅಲಾ?"

"ಅಲ್ಲ, ನಮ್ಮವ್ವ!" ಎಂದಳು ಗಂಗವ್ವ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕು, ಅಕ್ಕಿ ಗೋದಿ ತೂಗಿ ಚೀಲಕ್ಕೆ ಸುರಿದ. ಹಿಂದಿದ್ದ ಇಬ್ಬರಿಗೂ ಸಿಕ್ಕಿತು.

ಆ ಅಂಗಡಿಯವನ ಮನೆಗೂ ಗಂಗವ್ವನ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷದಿಂದ ದಿನಾ ಮುಖ ನೋಡಿದವಳ ಗುರುತು ಹಿಡಿಯಲು ಅವನಿಗೆ ದಿಲ್ಲಿಯ ಕಾಗದ ಯಾಕೆ ಬೇಕಾಯಿತು?