ನನ್ನ ಕತ್ತಿನ ಸಾಕ್ಷಿ

ಮೊನ್ನೆ ರಾಮಾಪುರದ ನೆಂಟರ ಮನೆಗೆ ಕಾಲಿಡುತ್ತಲೇ, ಹರಳೆಣ್ಣೆ ಸವರಿದ ಎಕ್ಕದ ಎಲೆಯನ್ನು ಕೆಂಡದ ಮೇಲೆ ಬಾಡಿಸುವ ವಾಸನೆ ಬಂತು. ಯಾರದೋ ಮಂಡಿನೋವಿಗಂತೆ. ನಾನು ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲಿಂದ ಹಿಂದೆ ಸರಿದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಶಾಗ್ಯದ ನಮ್ಮ ಮನೆ, ಹಜಾರದ ಕಂಬ, ಅಜ್ಜಿ, ಅಪ್ಪ, ಅವ್ವ, ಅಕ್ಕ ಮಾದೇವಿ ಎಲ್ಲ ಒಟ್ಟಿಗೆ ಎದ್ದು ಬಂದರು.

ನಮ್ಮಜ್ಜಿ ಕತ್ತಿನ ಗಂಟಿಗೆ ಔಷಧಿ ಕೊಡುವವಳು. ಅಜ್ಜೀಪುರದಿಂದಲೂ ಜನ ಬರುತ್ತಿದ್ದರು. ನನಗೆ ಎಂಟು ವರ್ಷವಿದ್ದಾಗ ತಲೆಯಲ್ಲಿ ಹೇನಿನ ಹುಣ್ಣಾಗಿ ಕಿವಿಯ ಹಿಂದೆ, ಕತ್ತಿನ ಮೇಲೆ ಗಂಟು ಎದ್ದಿತು. ಅಜ್ಜಿ ಒಂಬತ್ತು ದಿನ ಎಕ್ಕದ ಎಲೆ ಕಟ್ಟಿದಳು. ಅಷ್ಟರಲ್ಲಿ ಹುಣ್ಣು ಮಾಯಿತು, ಗಂಟೂ ಇಳಿಯಿತು. ಹುಣ್ಣು ಮಾಯ್ದರೆ ಅಂಥ ಗಂಟು ತಾನೇ ಇಳಿಯುತ್ತದೆಂದು ಯಾರಿಗೆ ಗೊತ್ತಿತ್ತು? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು. ಅಂದಿನಿಂದ ಬಂದವರಿಗೆಲ್ಲ ಅಜ್ಜಿ ನನ್ನ ಜಡೆ ಎತ್ತಿ ಕತ್ತು ತೋರಿಸುತ್ತಿದ್ದಳು. ನಾನೂ ಬೀಗುತ್ತಿದ್ದೆ.

ಮರುವರ್ಷ ಅಕ್ಕನ ಕತ್ತಿನಲ್ಲಿ ಸಾಲಾಗಿ ಗಂಟು ಎದ್ದವು. ಸಂಜೆಯಾದರೆ ಜ್ವರ. "ಕೊಳ್ಳೇಗಾಲದ ಆಸ್ಪತ್ರೆಗೆ ಓಗಣ ಕಣ್ರಿ, ಮಗ ಸೊರಗೋಯ್ತಾ ಅವ್ಳೆ" ಎಂದು ಅವ್ವ ಅಪ್ಪನನ್ನು ಅಂಗಲಾಚಿದಳು. ಅಜ್ಜಿ ನನ್ನ ಜಡೆ ಹಿಡಿದೆಳೆದು ಮಗನ ಮುಂದೆ ನಿಲ್ಲಿಸಿದಳು. "ಇವ್ಳ ಕತ್ತ ನೋಡ್ಲಾ. ಇನ್ನೇನ್ಲಾ ಸಾಕ್ಷಿ ಬೇಕು ನಿಂಗೆ?" ಅಪ್ಪ ನನ್ನನ್ನು ಕೇಳಿದ, "ವಾಸಿ ಆಯ್ತಲ್ವವ್ವ?" ನಾನು ಹೂಂ ಅಂದೆ.

ಅಕ್ಕನ ಗಂಟು ಎಲೆಗೆ ಬಗ್ಗಲಿಲ್ಲ. ಅಂಥ ಗಂಟಿಗೆ ಚಿತ್ರಮೂಲದ ಬೇರು. ಅರೆದು ಹಚ್ಚಿದರೆ ಚರ್ಮ ಬೇಯುತ್ತದೆ. ಅಕ್ಕನನ್ನು ಕಂಬಕ್ಕೆ ಬಿಗಿದರು. ತಲೆಯನ್ನು ಅಪ್ಪ ಹಿಡಿದ, ಕಾಲನ್ನು ನಾನು. ಅವಳು ಒದ್ದ ಏಟಿಗೆ ನನ್ನ ತುಟಿ ಒಡೆಯಿತು. ಬಿಡಿಸಲು ಬಂದ ಅವ್ವನ ಕೆನ್ನೆಗೆ ಅಪ್ಪ ಬಾರಿಸಿದ. ಅವ್ವ ಬೇರು ಅರೆದ ಗುಂಡುಕಲ್ಲನ್ನೇ ಎತ್ತಿ ಅಜ್ಜಿಯ ಮೇಲೆ ಎಸೆದಳು; ಮುಂಗೈ ಮುರಿಯಿತು. ಅಜ್ಜಿ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಹಚ್ಚಿಯೇ ಹಚ್ಚಿದಳು. ಅಕ್ಕನ ಕೂಗಿಗೆ ಬೀದಿಯ ಜನ ಬಾಗಿಲಲ್ಲಿ ನೆರೆದರು, ಒಬ್ಬರೂ ಒಳಗೆ ಬರಲಿಲ್ಲ. ಮೂರನೇ ದಿನ ಬೊಬ್ಬೆ ಒಡೆದು ಕೀವು ಸುರಿದಾಗ ಅಜ್ಜಿ, "ನೋಡ್ರಿ, ನಂಜು ಓಯ್ತಾ ಅದೆ" ಅಂದಳು. ಮೋಸ ಮಾಡಿದವಳಲ್ಲ ಅವಳು, ಹಾಗೇ ನಂಬಿದ್ದಳು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಹುಣ್ಣು ಮಾಯಲಿಲ್ಲ. ತಿಂಗಳುಗಳು ಕಳೆದ ಮೇಲೆ ಅವ್ವ ಯಾರನ್ನೂ ಕೇಳದೆ ನಮ್ಮಿಬ್ಬರನ್ನೂ ಕೊಳ್ಳೇಗಾಲದ ಬಸ್ಸು ಹತ್ತಿಸಿದಳು. ಡಾಕ್ಟರು ಟಿಬಿ ಎಂದರು. "ಗಂಟು ಎದ್ದಾಗಲೇ ಬಂದಿದ್ರೆ ಮಾತ್ರೆಯಲ್ಲೇ ವಾಸಿ ಮಾಡಬಹುದಿತ್ತು ಕಣಮ್ಮ, ಈಗ ಮೈಯೆಲ್ಲ ಹರಡಿದೆ."

ಸಾಯುವ ಹಿಂದಿನ ದಿನ ಅಕ್ಕ ಮಂಚದ ಮೇಲಿಂದ ಕೈಚಾಚಿ ನನ್ನ ಜಡೆ ಸರಿಸಿದಳು, ಕಿವಿಯ ಹಿಂದೆ ಬೆರಳಾಡಿಸಿದಳು. "ನಿಂಗೆ ವಾಸಿ ಆಯ್ತಲ್ಲ, ನಂಗ್ಯಾಕ್ ಆಗ್ನಿಲ್ಲ?"

ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಹೇಳೋಣವೆಂದರೆ ಅಕ್ಕನಿಲ್ಲ.